ಅಣ್ಣನಿಗೆ: ಆ ಜಪಾನಿ ಸಿನಿಮಾ ಮತ್ತು ಅಜ್ಜನ ನೋಟ್‌ಬುಕ್

ಟೋಕಿಯೊ

ಪ್ರೀತಿಯ ಅಣ್ಣನಿಗೆ ನಮಸ್ಕಾರ.

ನಾವಿಲ್ಲಿ ಕ್ಷೇಮ. ನೀನು ಫೋನಿನಲ್ಲಿ ಕೇಳಿದ ಸಿನಿಮಾ 'ಎಂಡಿಂಗ್ ನೋಟ್', 2011ರದ್ದು, ಒಂದೂವರೆ ಗಂಟೆಯ ಸಾಕ್ಷ್ಯಚಿತ್ರ. ಸುನಾದಾ ಮಾಮಿ ಎಂಬಾಕೆ ಸ್ವಂತ ಅಪ್ಪನನ್ನೇ ಚಿತ್ರಿಸಿದ್ದು, ನಿರ್ಮಾಪಕ ಇಲ್ಲಿನ ಹೆಸರಾಂತ ನಿರ್ದೇಶಕ ಕೊರೆಏದಾ. ಜೀವಮಾನವಿಡೀ ಸೇಲ್ಸ್‌ನಲ್ಲಿದ್ದ ಯಜಮಾನರು. ರಿಟೈರ್ ಆದಮೇಲೆ ಹೊಟ್ಟೆಯ ಕ್ಯಾನ್ಸರ್, ಗೊತ್ತಾಗುವಾಗಲೇ ನಾಲ್ಕನೇ ಹಂತ. ಅವರು ಮಾಡಿದ ಮೊದಲ ಕೆಲಸ ಪಟ್ಟಿ ಬರೆದದ್ದು: ಪಾದ್ರಿಯನ್ನು ಕಾಣಬೇಕು, ಅಂತ್ಯಕ್ರಿಯೆಯ ಜಾಗ ನೋಡಿ ಬರಬೇಕು, ಒಂದು ಸಲವಾದರೂ ಆಳುವ ಪಕ್ಷ ಬಿಟ್ಟು ಬೇರೆಯವರಿಗೆ ವೋಟು ಹಾಕಬೇಕು, ಮೊಮ್ಮಕ್ಕಳ ಜೊತೆ ಮನಸಾರೆ ಆಡಬೇಕು. ನಿರೂಪಣೆಯಲ್ಲಿ ಮಗಳೇ ಅಪ್ಪನಾಗಿ 'ನಾನು, ನಾನು' ಅನ್ನುತ್ತಾಳೆ. ಮೊದಲು ಕಿವಿಗೆ ವಿಚಿತ್ರ ಅನ್ನಿಸುತ್ತದೆ, ಆಮೇಲೆ ಅದಿಲ್ಲದೆ ಸಿನಿಮಾವೇ ಇಲ್ಲ ಅನ್ನಿಸುತ್ತದೆ. ಎಲ್ಲರೂ ಅಳು ಬರುತ್ತದೆ ಅನ್ನುತ್ತಾರೆ. ಬರುತ್ತದೆ, ಸರಿ. ಆದರೆ ನಗುವೂ ಅಷ್ಟೇ ಇದೆ.

'ಎಂಡಿಂಗ್ ನೋಟ್' ಅಂದರೆ ತಾನು ಹೋದಮೇಲೆ ಮನೆಯವರಿಗೆ ಬೇಕಾಗುವುದನ್ನೆಲ್ಲ ಬರೆದಿಡುವ ನೋಟ್‌ಬುಕ್. ಇಲ್ಲಿನ ಪುಸ್ತಕದಂಗಡಿಗಳಲ್ಲಿ ಅದು ಅಚ್ಚಾಗಿಯೇ ಸಿಗುತ್ತದೆ. ಸಾವಿನ ಸುದ್ದಿ ತಿಳಿದ ಕೂಡಲೇ ಬ್ಯಾಂಕಿನವರು ಖಾತೆ ತಡೆಹಿಡಿಯುತ್ತಾರೆ, ಹಾಗಾಗಿ ಯಾವ ಬ್ಯಾಂಕು, ಯಾವ ವಿಮೆ, ಯಾರಿಗೆ ತಿಳಿಸಬೇಕು, ವೆಂಟಿಲೇಟರ್ ಬೇಕೋ ಬೇಡವೋ ಎಲ್ಲಕ್ಕೂ ಪುಟ ಇದೆ. ಕಾನೂನಿನ ಬಲ ಮಾತ್ರ ಅದಕ್ಕಿಲ್ಲ, ಉಯಿಲು ಬೇರೆಯೇ. ಕೈಬರಹದ ಉಯಿಲನ್ನು 2020ರ ಜುಲೈನಿಂದ ಸರ್ಕಾರಿ ಕಚೇರಿಯಲ್ಲೇ ಇಡಬಹುದು, ಶುಲ್ಕ 3,900 ಯೆನ್.

ಅಜ್ಜನಿಂದಲೂ ಇಂಥದ್ದೊಂದು ಬರೆಸುವುದಕ್ಕೆ ಇನ್ನೂರು ಪುಟದ ಸಾದಾ ನೋಟ್‌ಬುಕ್ಕೇ ಸಾಕು. ಒಂದೇ ಸಲ ಕೂರಿಸಿ ಎಲ್ಲ ಕೇಳಬೇಡ. ಅರ್ಧ ಗಂಟೆಯಾದರೆ ಸುಸ್ತಾಗಿ, ಬಾಯಿಗೆ ಬಂದದ್ದು ಹೇಳಿಬಿಡುತ್ತಾರೆ. ದಿನಕ್ಕೊಂದು ವಿಷಯ ಇಟ್ಟುಕೋ. ಶುರು ಮಾಡುವುದು ಜಮೀನಿನಿಂದ: ಸರ್ವೆ ನಂಬರ್, ಪಹಣಿ ಯಾರ ಹೆಸರಲ್ಲಿದೆ, ಬಾಯಿಮಾತಿನಲ್ಲೇ ಉಳಿದ ಪಾಲು ಯಾವುದು. ಪಹಣಿಯಲ್ಲಿ ಇನ್ನೂ ಮುತ್ತಜ್ಜನ ಹೆಸರೇ ಇದ್ದರೆ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗುವವರೆಗೆ ಮುಂದಿನ ಯಾವ ಕೆಲಸವೂ ಸಲೀಸಲ್ಲ. ಆಮೇಲೆ ಬ್ಯಾಂಕು, ಎಲ್‌ಐಸಿ, ಕೊಟ್ಟ ಸಾಲ, ತಂದ ಸಾಲ. ಬ್ಯಾಂಕ್ ಖಾತೆಗೆ ನಾಮಿನಿ ಹೆಸರಿದ್ದ ಮಾತ್ರಕ್ಕೆ ದುಡ್ಡು ಅವರದೇ ಆಗುವುದಿಲ್ಲ. ಪಡೆದು ವಾರಸುದಾರರಿಗೆ ಒಪ್ಪಿಸುವ ಹೊಣೆ ಅಷ್ಟೇ. ಮನೆಗಳಲ್ಲಿ ಜಗಳ ಹುಟ್ಟುವುದೇ ಇಲ್ಲಿ. ಪಿನ್ನು, ಪಾಸ್‌ವರ್ಡ್ ಅದರಲ್ಲಿ ಬರೆಯಬೇಡ. ಪ್ರತಿ ಪುಟಕ್ಕೂ ತಾರೀಕು ಇರಲಿ, ಇಲ್ಲದಿದ್ದರೆ ಯಾವುದು ಹಳೆಯದು ಅಂತ ತಿಳಿಯುವುದಿಲ್ಲ. ಬೀರುವಿನ ಲಾಕರಿನಲ್ಲಿಟ್ಟು ಕೀಲಿಕೈ ಅಜ್ಜನ ಹತ್ತಿರವೇ ಉಳಿದರೆ ಬರೆದದ್ದೂ ದಂಡ. ಅಪ್ಪನಿಗೂ ಚಿಕ್ಕಪ್ಪನಿಗೂ ಜಾಗ ಗೊತ್ತಿರಲಿ.

ಉಯಿಲು ಬರೆಸುವುದಾದರೆ ಛಾಪಾ ಕಾಗದ ಬೇಕಾಗಿಲ್ಲ, ನೋಂದಣಿ ಕಡ್ಡಾಯವೂ ಅಲ್ಲ. ಇಬ್ಬರು ಸಾಕ್ಷಿಗಳು ಅಜ್ಜ ಸಹಿ ಮಾಡುವುದನ್ನು ಕಣ್ಣಾರೆ ನೋಡಿ, ಅವರೆದುರಿಗೇ ಸಹಿ ಹಾಕಲಿ. ಪಾಲು ಪಡೆಯುವವರನ್ನು ಸಾಕ್ಷಿಗೆ ಕರೆಯಬೇಡ, ಮುಂದೆ ತಕರಾರಿಗೆ ದಾರಿ. ಪಿತ್ರಾರ್ಜಿತದಲ್ಲಿ ಅಜ್ಜ ಬರೆಯಬಹುದಾದ್ದು ತಮ್ಮ ಪಾಲನ್ನಷ್ಟೇ.

ಮೊಬೈಲಿನಲ್ಲಿ ವಿಡಿಯೊ ಮಾಡಿದರೆ ಫ್ಯಾನ್ ಆರಿಸು, ಅದರ ಗಾಳಿ ಮಾತನ್ನೆಲ್ಲ ನುಂಗುತ್ತದೆ. ಕಿಟಕಿ ಅಜ್ಜನ ಬೆನ್ನಿಗಿರಬಾರದು, ಮುಖ ಕಪ್ಪಾಗುತ್ತದೆ.

ಪಹಣಿ ತೆಗೆಸಿದ ದಿನ ಫೋಟೊ ಕಳಿಸು. ಅಜ್ಜ, ಅಜ್ಜಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ