ನೀಲಿಗಣ್ಣಿನ ಲೇಖನದ ಕುರಿತು ಒಂದು ಪತ್ರ

ಪ್ರಿಯ ಮಿತ್ರರೇ,

ಕಣ್ಣಿನ ಬಣ್ಣವನ್ನು ಕುರಿತ ನಿಮ್ಮ ಕರಡನ್ನು ಓದಿದೆ. ತಳಿವಿಜ್ಞಾನ ಮತ್ತು ಚಿತ್ರಕಲೆಯ ಭಾಗಗಳು ಅಕ್ಕಪಕ್ಕದಲ್ಲಿದ್ದರೂ ಒಂದಕ್ಕೊಂದು ಬೆಸೆದುಕೊಂಡಿಲ್ಲ.

ನೀಲಿಗಣ್ಣಿನ ದಂಪತಿಗೆ ಕಂದುಗಣ್ಣಿನ ಮಗು ಹುಟ್ಟಲಾರದು ಎಂಬ ವಾಕ್ಯವನ್ನು ಮೊದಲು ತೆಗೆದುಹಾಕಿ. ಕಂದು ಪ್ರಬಲ, ನೀಲಿ ದುರ್ಬಲ ಎಂಬ ಸರಳ ಲೆಕ್ಕವನ್ನು ಅಮೆರಿಕದ ವಿಜ್ಞಾನಿಗಳಾದ ಡಾವೆನ್‌ಪೋರ್ಟ್ ದಂಪತಿ 1907ರಲ್ಲಿ ಮುಂದಿಟ್ಟರು. ಪಠ್ಯಪುಸ್ತಕಗಳು ಅದನ್ನು ಬಹುಕಾಲ ಹೊತ್ತು ತಿರುಗಿದವು. 15ನೆಯ ವರ್ಣತಂತುವಿನ ಹರ್ಕ್2 ವಂಶವಾಹಿಯೊಳಗಿನ ಒಂದು ತುಣುಕು ಕಣ್ಣಿಗೆ ಬಣ್ಣ ಕೊಡುವ ಮೆಲನಿನ್ ವರ್ಣದ್ರವ್ಯದ ತಯಾರಿಕೆಗೆ ನೆರವಾಗುವ ನೆರೆಯ ಒಸಿಎ2 ವಂಶವಾಹಿ ಎಷ್ಟು ಚುರುಕಾಗಿರಬೇಕೆಂಬುದನ್ನು ನಿಯಂತ್ರಿಸುತ್ತದೆ, ನಿಜ. ಆದರೆ ಸುಮಾರು 1.95 ಲಕ್ಷ ಜನರನ್ನು ಒಳಗೊಂಡ 2021ರ ಅಧ್ಯಯನವೊಂದು ಕಣ್ಣಿನ ಬಣ್ಣಕ್ಕೆ ಸಂಬಂಧಿಸಿದ 50 ಹೊಸ ತಾಣಗಳನ್ನು ವರ್ಣತಂತುಗಳಲ್ಲಿ ಗುರುತಿಸಿದೆ. ಹಾಗಾಗಿ ಅಪರೂಪಕ್ಕಾದರೂ ನೀಲಿಗಣ್ಣಿನ ದಂಪತಿಗೆ ಕಂದುಗಣ್ಣಿನ ಮಗು ಹುಟ್ಟುತ್ತದೆ. ನಿಮ್ಮ ಆ ಒಂದು ಸಾಲು ಯಾವುದೋ ಮನೆಯಲ್ಲಿ ಸಲ್ಲದ ಅನುಮಾನವನ್ನು ಬಿತ್ತೀತು.

ನೀವು ಒಂದೇ ಸಾಲಿನಲ್ಲಿ ದಾಟಿಸಿದ ಸಂಗತಿಯೇ ಲೇಖನದ ಜೀವಾಳ: ನೀಲಿ ಕಣ್ಣಿನಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ. ಪಾಪೆಯ ಸುತ್ತಲಿನ ಪಟಲದ ಹಿಂಬದಿಯಲ್ಲಿ ಎಲ್ಲರಿಗೂ ಕಪ್ಪು ಪದರವಿರುತ್ತದೆ. ಮುಂಭಾಗದಲ್ಲಿ ಮೆಲನಿನ್ ಕಡಿಮೆಯಿದ್ದಾಗ ಅಲ್ಲಿನ ಸೂಕ್ಷ್ಮ ನಾರುಗಳು ಬೆಳಕಿನ ನೀಲಿ ಅಂಶವನ್ನೇ ಹೆಚ್ಚಾಗಿ ಚದುರಿಸಿ ಹೊರಗೆ ಕಳಿಸುತ್ತವೆ, ಉಳಿದದ್ದರಲ್ಲಿ ಬಹುಪಾಲು ಹಿಂದಿನ ಕಪ್ಪಿನಲ್ಲಿ ಅಡಗುತ್ತದೆ. ಕತ್ತಲ ಹಿನ್ನೆಲೆಯ ಮುಂದೆ ತೆಳುಹೊಗೆ ನೀಲಿಯಾಗಿ ಕಾಣುವುದನ್ನು ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ದಾಖಲಿಸಿದ್ದ. ತೈಲಚಿತ್ರದಲ್ಲಿಯೂ ಗಾಢವರ್ಣದ ಮೇಲೆ ಬಿಳಿಯನ್ನು ತೆಳುವಾಗಿ ಎಳೆದರೆ, ಕುಂಚಕ್ಕೆ ನೀಲಿ ಸೋಂಕದೆಯೇ ತಣ್ಣನೆಯ ನೀಲಿಛಾಯೆ ಮೂಡುತ್ತದೆ. ಕಣ್ಣೂ ಕ್ಯಾನ್‌ವಾಸೂ ಒಂದೇ ಭೌತನಿಯಮಕ್ಕೆ ಒಳಪಟ್ಟಿವೆ. ನಿಮ್ಮ ಎರಡು ಭಾಗಗಳ ಬೆಸುಗೆ ಇಲ್ಲಿಯೇ ಇದೆ.

ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ, ಎಬಿಹ್-ಇಲ್ ಎಂಬ ಅಧಿಕಾರಿಯ ಪ್ರತಿಮೆಯನ್ನು ಪ್ರಾಚೀನ ಸಿರಿಯಾದ ನೀಲಿಗಣ್ಣಿಗೆ ಪುರಾವೆಯೆಂದು ನೀವು ಉದಾಹರಿಸಿದ್ದೀರಿ. ನಾನಾದರೆ ಅಷ್ಟು ದೂರ ಹೋಗುವುದಿಲ್ಲ. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಆ ಮಾರಿ ನಗರದ ಪ್ರತಿಮೆಯ ಕಣ್ಣಿನ ಪಟಲಗಳನ್ನು ಮಾಡಿರುವುದು ಗಾಢನೀಲಿಯ ಲಾಪಿಸ್ ಲಾಜುಲಿ ಕಲ್ಲಿನಿಂದ. ದೂರದ ಅಫ್ಘಾನಿಸ್ತಾನದ ಗಣಿಗಳ ಕಡೆಯಿಂದ ಬರುತ್ತಿದ್ದ ಆ ದುಬಾರಿ ಕಲ್ಲು ಪ್ರತಿಷ್ಠೆಯನ್ನೂ ವ್ಯಾಪಾರದ ಹಾದಿಯನ್ನೂ ತಿಳಿಸೀತು, ಅವನ ವಂಶವಾಹಿಗಳನ್ನಲ್ಲ.

ಹಳೆಯ ಭಾವಚಿತ್ರಗಳಲ್ಲಿನ ಹಸಿರು ಕಣ್ಣುಗಳ ಪಟ್ಟಿಯನ್ನೂ ಮತ್ತೊಮ್ಮೆ ನೋಡಿ. ವಾರ್ನಿಶ್ ಹಳತಾಗಿ ಹಳದಿಗೆ ತಿರುಗಿದರೆ ನೀಲಿಯೇ ಹಸಿರಾಗಿ ತೋರುತ್ತದೆ; ಆದ್ದರಿಂದ ಚಿತ್ರವನ್ನು ಶುಚಿಗೊಳಿಸಿದ ಮೇಲಿನ ವಿವರ ದೊರೆತವುಗಳನ್ನು ಮಾತ್ರ ಪಟ್ಟಿಯಲ್ಲಿ ಉಳಿಸಿಕೊಂಡು ಕರಡನ್ನು ಕಳುಹಿಸಿ.

ಇಂತು ನಿಮ್ಮ ಹಿತೈಷಿ