ಶನಿವಾರ ರಾತ್ರಿಯ ಪೆನ್ಸಿಲ್ ಗೀಟು

ಉಡುಪಿ
ಬುಧವಾರ

ಪ್ರೀತಿಯ ಮಗಳೇ,

ಭಾನುವಾರ ಮಧ್ಯಾಹ್ನ ನೀನು ಫೋನಿಟ್ಟ ಮೇಲೆ ಅಮ್ಮ ಕೇಳಿದಳು, "ಅತ್ತಳಾ?" "ಇಲ್ಲ, ಎಲ್ಲರನ್ನೂ ಬೈದಳು" ಅಂದೆ. ನಿಮ್ಮ ಚರ್ಚಿನಲ್ಲಿ ಆವತ್ತು ಹಾಡಿಸಿದವಳು ನೀನು. ಎಂಟೂವರೆಯ ಆರಾಧನೆಗೆ ಡ್ರಮ್ಸ್ ಹುಡುಗ ಬಂದದ್ದೇ ಎಂಟೂಕಾಲಿಗೆ. ಪ್ರೊಜೆಕ್ಟರಿನಲ್ಲಿ ಎರಡನೇ ಹಾಡಿಗೆ ನಾಲ್ಕನೇ ಹಾಡಿನ ಸಾಲು ಬಂತು. ಆದರೂ ಐದೂ ಹಾಡು ಆಗಲೇಬೇಕು ಅಂತ ನೀನು ಹಟ ಹಿಡಿದೆ. ಆರಾಧನೆ ಮುಗಿಯುವಾಗ ಕಾಲು ಗಂಟೆ ತಡ. ಹೊರಗೆ ಮುಂದಿನ ಆರಾಧನೆಗೆ ಬಂದ ತಮಿಳು ಸಭೆಯವರು ಮಕ್ಕಳನ್ನು ಎತ್ತಿಕೊಂಡು ಬಿಸಿಲಲ್ಲಿ ನಿಂತಿದ್ದರು. ಸಭಾಪಾಲಕರು ಏನೂ ಅನ್ನಲಿಲ್ಲ, ಸುಮ್ನೆ ಗಡಿಯಾರ ನೋಡಿದರು. ನಿನಗೆ ಜಾಸ್ತಿ ಚುಚ್ಚಿದ್ದು ಅದೇ, ಅಲ್ವಾ?

ಫೋನಿನಲ್ಲಿ ನಾನು ಬರೀ "ಹೂಂ" ಅಂದೆ. 26 ವರ್ಷ ಸಭೆಯಲ್ಲಿ ಹಾಡಿಸಿದವನಿಗೆ ಹೇಳಲು ಇಷ್ಟೇ ಇದ್ದದ್ದಾ ಅಂತ ನಿನಗೆ ಅನಿಸಿರಬಹುದು. ನಾನು ಬಾಯಿ ತೆರೆದರೆ ಅದು ಸಭಾಪಾಲಕರ ಉಪದೇಶದಂಥ ಪ್ರಸಂಗ ಆಗಿಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರ ರಾತ್ರಿ ಹಾಡಿನ ಪಟ್ಟಿ ಮುಂದಿಟ್ಟುಕೊಂಡು ಒಂದು ಹಾಡಿನ ಪಕ್ಕ ಪೆನ್ಸಿಲಿನಲ್ಲಿ ಸಣ್ಣ ಗೀಟು ಹಾಕು. ಹೊತ್ತು ಮೀರಿದರೆ ಬಿಡುವ ಹಾಡು ಅದು. ಭಾನುವಾರ ಮೈಕ್ ಹಿಡಿದು ನಿಂತಾಗ ಯಾವುದನ್ನೂ ಬಿಡಲು ಮನಸ್ಸು ಬರುವುದಿಲ್ಲ. ಗೀಟು ಹೆಚ್ಚಾಗಿ ಬೀಳಬೇಕಾದ್ದು ನಿಮ್ಮ ತಂಡ ಕಷ್ಟಪಟ್ಟು ಕಲಿತ ಹೊಸ ಹಾಡಿಗೇ. ಬೇಜಾರಾಗುತ್ತದೆ, ಗೊತ್ತು. ಮುಂದಿನ ವಾರ ಹಾಡಿ. ಪ್ರಸಂಗದ ನಂತರದ ಹಾಡಿಗೆ ಮಾತ್ರ ಕೈ ಹಾಕಬೇಡ. ಅಷ್ಟು ಹೊತ್ತು ಕೂತು ಕೇಳಿದವರಿಗೆ ಬಾಯಿ ತೆರೆಯಲು ಸಿಗುವುದು ಅದೊಂದೇ. ಕಾಣಿಕೆಯ ಹಾಡು ಚೀಲ ತಿರುಗಿ ಬರುವ ತನಕ ಇದ್ದರೆ ಸಾಕು.

ಬೈಬಲಿನಲ್ಲಿ ಅರಸ ಸೊಲೊಮೋನ ಕಟ್ಟಿಸಿದ ಆಲಯದ ಪ್ರತಿಷ್ಠೆಯ ದಿನ 120 ಮಂದಿ ಯಾಜಕರು ತುತೂರಿ ಊದಿದರು, ಹಾಡುಗಾರರು ಅವರೊಡನೆ ಒಂದೇ ದನಿಯಾಗಿ ಹಾಡಿದರು. ಎರಡನೇ ಪೂರ್ವಕಾಲವೃತ್ತಾಂತ, ಐದನೇ ಅಧ್ಯಾಯ. ಅಷ್ಟರಲ್ಲಿ ಮೋಡ ಆಲಯವನ್ನೆಲ್ಲ ತುಂಬಿತು, ಯಾಜಕರಿಗೆ ನಿಂತು ಸೇವೆ ಮಾಡಲು ಆಗಲಿಲ್ಲ. ಅಂದರೆ ಅವರ ಕಾರ್ಯಕ್ರಮವೂ ಅರ್ಧಕ್ಕೆ ನಿಂತಿತು. ಅದನ್ನು ಓದುವಾಗಲೆಲ್ಲ ಇನ್ನೊಂದು ಹಾಡು ಕಲಿತು ಕಾಯುತ್ತಿದ್ದವರು ಯಾರಾದರೂ ಅಲ್ಲಿದ್ದರೋ ಏನೋ ಅಂತ ನಗು ಬರುತ್ತದೆ.

ಚರಣ ಬಿಡುವುದಾದರೆ ಓದಿ ನೋಡಿ ಬಿಡು. ಒಂದು ಈಸ್ಟರ್ ಬೆಳಿಗ್ಗೆ ಹೊತ್ತಾಯಿತೆಂದು ನಾನು ಕೊನೆಯ ಚರಣ ಬಿಟ್ಟು ನೇರ ಆಮೆನ್‌ಗೆ ಹೋದೆ. ಪುನರುತ್ಥಾನ ಇದ್ದದ್ದು ಆ ಚರಣದಲ್ಲೇ. ಬಾಗಿಲಲ್ಲಿ ಒಬ್ಬರು ಹಿರಿಯರು ನನ್ನ ಕೈ ಹಿಡಿದು, "ಮಾಸ್ಟ್ರೇ, ಈ ವರ್ಷ ಸ್ವಾಮಿಯನ್ನು ಸಮಾಧಿಯಲ್ಲೇ ಬಿಟ್ಟಿರಲ್ಲ" ಅಂದರು.

ಇನ್ನು ಸ್ಕೇಲ್. ನಿನ್ನ ಗಂಟಲು ಮೇಲಿನ ಎಫ್ ಸ್ವರದ ತನಕ ಸಲೀಸಾಗಿ ಹೋಗುತ್ತದೆ. ಹಿಂದಿನ ಬೆಂಚಿನವರಿಗೆ ಬೆಳಿಗ್ಗೆ ಎಂಟೂವರೆಗೆ ಅದಕ್ಕಿಂತ ಕೆಳಗಿನ ಡಿ ದಾಟಿದರೆ ಬಾಯಿ ಮುಚ್ಚುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನವರಿಂದ ನಮಗೆ ಬಂದ ಜರ್ಮನ್ ರಾಗಗಳಿಗೂ ಇದೇ ಮಾತು. ನಮ್ಮಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಒಂದೇ ರಾಗ ಹಾಡುವವರು. ಒಂದೆರಡು ಶ್ರುತಿ ಇಳಿಸು. ನಿನಗೆ ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಒತ್ತಿದರೆ ಆಯಿತು, ನನಗೆ ಹಾರ್ಮೋನಿಯಂ ಮೇಲೆ ಬೆರಳೇ ಜಾಗ ಬದಲಿಸಬೇಕಿತ್ತು. ಎರಡನೇ ಚರಣದಲ್ಲಿ ಮೈಕನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ನೋಡು. ಸಭೆಯ ದನಿ ಕೇಳದಿದ್ದರೆ ಸ್ಕೇಲ್ ಎತ್ತರವಾಗಿದೆ, ಇಲ್ಲವೇ ಆ ಹಾಡು ಅವರಿಗೆ ಗೊತ್ತಿಲ್ಲ.

ಈಗ ಹೇಳುವುದನ್ನು ನಿನ್ನಮ್ಮನಿಗೂ ಹೇಳಿಲ್ಲ. ನೀನಾಗ ಮೂರನೇ ಕ್ಲಾಸು. ಜುಲೈ ತಿಂಗಳು, ಹೆಂಚಿನ ಮೇಲೆ ಮಳೆ ಸುರಿದು ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಹೊಸ ಸ್ಪೀಕರ್ ಕುಂಯ್ ಅನ್ನುತ್ತಿತ್ತು. ಆರಾಧನೆಗೆ ಐದು ನಿಮಿಷ ಇತ್ತು, ನಾನು ನೆಲಕ್ಕೆ ಮೊಣಕಾಲೂರಿ ವಯರ್ ತಿರುಚುತ್ತಿದ್ದೆ. ಒಬ್ಬರು ಅಜ್ಜಿ ಒದ್ದೆ ಕೊಡೆ ಹಿಡಿದುಕೊಂಡೇ ಹತ್ತಿರ ಬಂದು ನಿಂತರು. ಅವರ ಗಂಡ ತೀರಿಕೊಂಡು ಎರಡು ವಾರ ಆಗಿರಲಿಲ್ಲ. ಕೊಡೆಯ ನೀರು ನನ್ನ ಕೈ ಮೇಲೆ ತೊಟ್ಟಿಕ್ಕುತ್ತಿತ್ತು. "ಮಾಸ್ಟ್ರೇ, ಇವತ್ತು ಅವರ ಹಾಡು..." ಅಂದರು. ನಾನು ತಲೆ ಎತ್ತಲಿಲ್ಲ. "ಆಮೇಲೆ ಅಜ್ಜಿ, ಕೊಡೆ ಆಚೆ ಇಡಿ" ಅಂದೆ. ಸ್ಪೀಕರ್ ಸರಿಯಾಯಿತು. ಹಾಡು ತುಂಬಾ ಚೆನ್ನಾಗಿತ್ತು ಅಂತ ಆವತ್ತು ಎಲ್ಲರೂ ಹೇಳಿದರು.

ಅಜ್ಜಿ ಮೂರು ಭಾನುವಾರ ಬರಲಿಲ್ಲ. ಆಮೇಲೆ ಅವರ ಮನೆಗೆ ಹೋದೆ. ಚಾ ಕೊಟ್ಟರು, ನಿನ್ನ ಓದು ವಿಚಾರಿಸಿದರು. ಹಾಡಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಯಾವ ಹಾಡಾಗಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಅಲ್ಲಿಂದ ಮುಂದೆ, ಗಂಟೆ ಹೊಡೆಯಲು ಹತ್ತು ನಿಮಿಷ ಇರುವಾಗ ವಯರ್ ಮುಟ್ಟುವುದನ್ನು ಬಿಟ್ಟೆ. ಕುಂಯ್ ಅಂದರೆ ಕುಂಯ್ ಅನ್ನಲಿ ಅಂತ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಯೇಸು ಮನೆಗೆ ಬಂದಾಗ ಕೂತು ಮಾತು ಕೇಳದೆ ಅಡುಗೆ-ಉಪಚಾರದಲ್ಲೇ ಮುಳುಗಿದ್ದ ಮಾರ್ಥಳ ಕಥೆ ಹೇಳಿ ನಿನ್ನನ್ನು ಬೈಯುವವರು ಬೇಕಾದಷ್ಟು ಜನ ಸಿಗುತ್ತಾರೆ, ನಾನು ಆ ಸಾಲಿಗೆ ಸೇರುವುದಿಲ್ಲ. ಅಡುಗೆ ಯಾರಾದರೂ ಮಾಡಲೇಬೇಕು. ನೀನು ಬೇಗ ಬಾ, ಏಳೂವರೆಗೇ ಮೈಕ್ ನೋಡಿಕೋ, ಎಂಟು ಇಪ್ಪತ್ತಕ್ಕೆ ಅಡುಗೆಮನೆಯಿಂದ ಎದ್ದು ಹೊರಗೆ ಬಾ, ಅಷ್ಟೇ.

ಡ್ರಮ್ಸ್ ಹುಡುಗನಿಗೆ ಭಾನುವಾರ ಏನೂ ಹೇಳಬೇಡ, ಸೋಮವಾರ ಫೋನ್ ಮಾಡು. ಅವನು ಎಲ್ಲಿಂದ ಬರುತ್ತಾನೆ ಅಂತ ಕೇಳಿದ್ದೀಯಾ? ನಿಮ್ಮ ಬೆಂಗಳೂರಿನ ಮೆಟ್ರೋ ಭಾನುವಾರ ಶುರುವಾಗುವುದೇ ಏಳು ಗಂಟೆಗೆ.

ಬರಿ ಹೊಟ್ಟೆಯಲ್ಲಿ ಹಾಡಬೇಡ, ಎರಡು ಇಡ್ಲಿಯಾದರೂ ತಿಂದು ಹೋಗು ಅಂತ ಅಮ್ಮ ಬರೆಯಲು ಹೇಳಿದ್ದಾಳೆ. ಶನಿವಾರ ಪಟ್ಟಿಯ ಫೋಟೋ ವಾಟ್ಸಾಪ್ ಮಾಡು. ಗೀಟು ಎಲ್ಲಿ ಬಿದ್ದಿದೆ ಅಂತ ನೋಡಬೇಕು.

ನಿನ್ನ
ಅಪ್ಪ