ಲುಸಾಕಾದಿಂದ ಅಮ್ಮನಿಗೆ

ಪ್ರೀತಿಯ ಅಮ್ಮನಿಗೆ,

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನೀನು, ಅಪ್ಪ ಮಾರ್ಚ್‌ನಲ್ಲಿ ಜಾಂಬಿಯಾಕ್ಕೆ ಬರುವುದು ಗಟ್ಟಿಯಾಯಿತು ಅಂತ ಗೊತ್ತಾದಾಗಿನಿಂದ ಮಕ್ಕಳಿಗೆ ಬೇರೆ ಮಾತೇ ಇಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ನೀನು ‘ಆಯ್ತು ಮಾರಾಯ್ತಿ’ ಅಂದು ಮಾತು ಬದಲಿಸುತ್ತೀಯ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು.

ಮುಖ್ಯವಾದದ್ದು ಮಲೇರಿಯಾ. ಮಾರ್ಚ್ ಅಂದರೆ ಇಲ್ಲಿ ಇನ್ನೂ ಮಳೆಗಾಲ, ಸೊಳ್ಳೆ ಜಾಸ್ತಿ. ಇಲ್ಲಿ ಬರುವುದು ಹೆಚ್ಚಾಗಿ ಫಾಲ್ಸಿಪಾರಂ ಮಲೇರಿಯಾ. ಇವತ್ತು ಮೈಕೈ ನೋವು ಅಂದವರು ನಾಳೆ ಐಸಿಯು ಸೇರಬಹುದು, ಅಷ್ಟು ಬೇಗ ಏರುತ್ತದೆ. ಹೊರಡುವ ಮುಂಚೆಯೇ ಡಾಕ್ಟರ ಹತ್ತಿರ ಹೋಗಿ ಮಲೇರಿಯಾ ಬಾರದಂತೆ ತಡೆಯುವ ಮಾತ್ರೆ ಬರೆಸಿಕೊಳ್ಳಿ. ಅಪ್ಪನ ಬಿಪಿ ಮಾತ್ರೆ ಚೀಟಿಯನ್ನೂ ತೋರಿಸಿ, ಯಾರಿಗೆ ಯಾವುದು ಹೊಂದುತ್ತದೆ ಅಂತ ಅವರೇ ಹೇಳಬೇಕು. ಅಟೊವಾಕ್ವೋನ್-ಪ್ರೊಗ್ವಾನಿಲ್ ಕೊಟ್ಟರೆ ಹೊರಡುವ ಒಂದೆರಡು ದಿನ ಮುಂಚೆ ಶುರು ಮಾಡಿ, ಇಲ್ಲಿರುವಷ್ಟು ದಿನವೂ ಊಟದ ಜೊತೆ ತಗೊಂಡು, ಇಲ್ಲಿಂದ ಹೊರಟ ಮೇಲೂ 7 ದಿನ ತಗೋಬೇಕು. ಡಾಕ್ಸಿಸೈಕ್ಲಿನ್ ಆದರೆ ಹೊರಟ ಮೇಲೆ 4 ವಾರ. ಮನೆ ಸೇರಿಯಾಯ್ತಲ್ಲ ಅಂತ ನಡುವೆ ಬಿಡಬೇಡಿ.

ಮಾತ್ರೆ ತಗೊಂಡರೂ ಜ್ವರ ಬರಬಹುದು. ನಿನ್ನ ಅಭ್ಯಾಸ ನನಗೆ ಗೊತ್ತು ಅಮ್ಮ, ಮಕ್ಕಳಿಗೆ ತೊಂದರೆ ಯಾಕೆ ಅಂತ ಕಷಾಯ ಕುಡಿದು ಸುಮ್ನೆ ಮಲಗುತ್ತೀಯ. ಇಲ್ಲಿ ಹಾಗೆ ಮಾಡಬೇಡ. ಮೈ ಬಿಸಿಯಾದ ತಕ್ಷಣ ಹೇಳು, ನಡುರಾತ್ರಿ ಆದರೂ ಎಬ್ಬಿಸು. ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದರೆ ಕಾಲು ಗಂಟೆಯಲ್ಲಿ ಗೊತ್ತಾಗುತ್ತದೆ. ಬೇಗ ಗೊತ್ತಾದರೆ ಒಳ್ಳೆಯ ಔಷಧಿ ಇದೆ. ಸಾಗರಕ್ಕೆ ವಾಪಸ್ ಹೋದ ಮೇಲೆ ಜ್ವರ ಬಂದರೂ, ತಿಂಗಳುಗಳು ಕಳೆದಿದ್ದರೂ, ‘ಆಫ್ರಿಕಾಕ್ಕೆ ಹೋಗಿದ್ದೆವು, ಮಲೇರಿಯಾ ಟೆಸ್ಟ್ ಮಾಡಿ’ ಅಂತ ಮೊದಲು ಹೇಳಬೇಕು. ನೀವು ಹೇಳದಿದ್ದರೆ ಅಲ್ಲಿನ ಡಾಕ್ಟರಿಗೆ ಹೇಗೆ ಹೊಳೆಯಬೇಕು?

ಉಣುಗಿನ ಬಗ್ಗೆ ನಿಮಗೆ ನಾನೇನು ಹೇಳಲಿ. 1957ರಲ್ಲಿ ಕ್ಯಾಸನೂರಿನ ಕಾಡಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡ ಸೀಮೆಯವರು ನಾವು. ಇಲ್ಲಿಯೂ ಹುಲ್ಲಲ್ಲಿ ಉಣುಗು ಇರುತ್ತದೆ, ಕಾಯಿಲೆ ಮಾತ್ರ ಬೇರೆ. ಕಚ್ಚಿದ ಜಾಗದಲ್ಲಿ ಕಪ್ಪು ಹಕ್ಕಳೆ ಕಟ್ಟಿ ಜ್ವರ ಬರುತ್ತದೆ. ಉದ್ದ ಪ್ಯಾಂಟು, ಕಾಲುಚೀಲ ತನ್ನಿ.

ನೀನು ಬಟ್ಟೆ ಒಗೆದು ಬಿಸಿಲಿಗೆ ಹರವದೆ ಇರುವವಳಲ್ಲ. ಇಲ್ಲಿ ಪುಟ್ಸಿ ಅಂತ ಒಂದು ನೊಣ ಇದೆ. ಒದ್ದೆ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ. ಆ ಬಟ್ಟೆ ಹಾಕಿಕೊಂಡರೆ ಮರಿಹುಳು ಚರ್ಮದೊಳಗೆ ಸೇರಿ ಕುರುವಿನ ಹಾಗೆ ಊದುತ್ತದೆ. ಪಕ್ಕದ ಮನೆಯ ಮಗುವಿನ ಬೆನ್ನಲ್ಲಿ ಎದ್ದಿತ್ತು. ಮೇಲೆ ವ್ಯಾಸಲಿನ್ ಮೆತ್ತಿ ಬಿಟ್ಟರು, ಉಸಿರು ಕಟ್ಟಿ ಹುಳು ತಲೆ ಹೊರಗೆ ಹಾಕಿತು, ಆಮೇಲೆ ತೆಗೆದರು. ಅದಕ್ಕೇ ಇಲ್ಲಿ ಎಲ್ಲರೂ ಒಳಬಟ್ಟೆಯನ್ನೂ ಇಸ್ತ್ರಿ ಮಾಡುತ್ತಾರೆ. ಎರಡೂ ಬದಿ, ಇಲಾಸ್ಟಿಕ್ಕಿನ ಮಡಿಕೆಯನ್ನೂ ಬಿಡದೆ. 2024ರ ಬರಗಾಲದಲ್ಲಿ ಕರಿಬಾ ಜಲಾಶಯ ತಳ ಕಂಡು ಕರೆಂಟೇ ಇಲ್ಲದೆ ಹೋದಾಗ ಇದೊಂದು ದೊಡ್ಡ ಕಷ್ಟವಾಗಿತ್ತು.

ನೀರಿನ ವಿಚಾರ ಅಪ್ಪನಿಗೆ. ಹೊಳೆ ಕಂಡರೆ ಇಳಿಯುವವರು ಅವರು. ಜಾಂಬೆಜಿ ನದಿಯಲ್ಲಿ ಮೊಸಳೆ, ನೀರಾನೆ ಎರಡೂ ಇವೆ. ಕರಿಬಾದಂಥ ಕಡೆ ದಡದ ನೀರಿನ ಬಸವನಹುಳುಗಳಿಂದ ಬಿಲ್ಹಾರ್ಜಿಯಾ ಅನ್ನುವ ಹುಳುವಿನ ಕಾಯಿಲೆ ಬರುತ್ತದೆ. ಆ ಹುಳು ಗಾಯ ಇಲ್ಲದ ಚರ್ಮದಿಂದಲೂ ಒಳಗೆ ಹೋಗುತ್ತದೆ. ಹಾಗಾಗಿ ಪಾದ ತೊಳೆಯುವುದೂ ಬೇಡ. ಕುಡಿಯುವ ನೀರನ್ನು ಕುದಿಸಿಯೇ ಕೊಡುತ್ತೇನೆ. 2024ರ ಜನವರಿಯಲ್ಲಿ ಇಲ್ಲಿನ ಹೀರೋಸ್ ಸ್ಟೇಡಿಯಮ್ಮನ್ನೇ ಕಾಲರಾ ಆಸ್ಪತ್ರೆ ಮಾಡಿದ್ದರು, ಶಾಲೆ ತೆರೆಯುವುದನ್ನೂ ಮುಂದೆ ಹಾಕಿದ್ದರು.

ಲಿವಿಂಗ್‌ಸ್ಟನ್‌ಗೆ ಹೋಗಿ ವಿಕ್ಟೋರಿಯಾ ಜಲಪಾತ ನೋಡಿಕೊಂಡು, ಕಜುಂಗುಲಾ ಸೇತುವೆ ದಾಟಿ ಬೋಟ್ಸ್ವಾನಾದ ಚೋಬೆ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣ. ಎಲ್ಲ ಹಗಲಲ್ಲೇ. ಕತ್ತಲಾದ ಮೇಲೆ ರಸ್ತೆಯಲ್ಲಿ ದೀಪವಿಲ್ಲದ ಲಾರಿ, ದನ, ಚೋಬೆಯ ಕಡೆ ಆನೆ. ದಪ್ಪ ಸರ, ಬಳೆ ಅಲ್ಲೇ ಲಾಕರಿನಲ್ಲಿಡು.

ಕೆಮ್ಮಿನ ಸಿರಪ್ ತರಲೇಬೇಡ. ಕೊಡೀನ್, ಡೈಫೆನ್‌ಹೈಡ್ರಮೀನ್ ಇರುವ ಔಷಧಿಗೆ ಇಲ್ಲಿ ಕಾನೂನು ಬಿಗಿ. ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಕ್ಕಿದ್ದನ್ನು ತಂದು ಸಿಕ್ಕಿಬಿದ್ದವರಿದ್ದಾರೆ. ಉಳಿದ ಮಾತ್ರೆಗಳನ್ನೂ ಸ್ಟ್ರಿಪ್ಪಿನಲ್ಲೇ, ಚೀಟಿ ಸಮೇತ ತನ್ನಿ.

ವಿಮೆ ಮಾಡಿಸುವಾಗ, ರೋಗಿಯನ್ನು ವಿಮಾನದಲ್ಲಿ ಜೊಹಾನ್ಸ್‌ಬರ್ಗ್‌ಗೆ ಸಾಗಿಸುವ ಖರ್ಚೂ ಅದರಲ್ಲಿದೆಯಾ ಅಂತ ತಮ್ಮನಿಗೆ ಓದಿ ನೋಡಲು ಹೇಳು. ಅಪ್ಪನ ಬಿಪಿ ಮುಚ್ಚಿಡದೆ ಬರೆಸಬೇಕು. ಡಾಕ್ಟರ ಹತ್ತಿರ ಹೋಗುವ ದಿನ ನನಗೆ ತಿಳಿಸು, ಅವರ ಎದುರು ಕೂತಾಗಲೇ ಫೋನ್ ಮಾಡು. ನಾನೂ ಮಾತಾಡುತ್ತೇನೆ.

ನಿನ್ನ ಪ್ರೀತಿಯ ಮಗಳು